ಹಿತ್ತಲಿನ ಚಕ್ಕಡಿ

ಬಾದಾಮಿ, ಹುನಗುಂದ, ಇಳಕಲ್ಲಿನ ಸುತ್ತಲಿನ ಊರುಗಳಲ್ಲಿ ಹಿತ್ತಲಿನಲ್ಲಿಯೋ, ಹೊಲದ ಬೇವಿನ ಗಿಡದ ಕೆಳಗೋ ನೊಗವನ್ನು ನೆಲಕ್ಕೂರಿ ಬಿದ್ದಿರುವ ಹಳೆಯ ಚಕ್ಕಡಿಗಳನ್ನು ವಾಚಕರು ಕಂಡೇ ಇರುವರು. ಟ್ರ್ಯಾಕ್ಟರು ಬಂದಿತು, ಎತ್ತುಗಳನ್ನು ಮಾರಿದರು. ಗಾಡಿಯನ್ನು ಮಾತ್ರ ಕೊಳ್ಳುವವರಿಲ್ಲ, ಒಡೆಯಲು ಮನೆಯವರಿಗೆ ಮನಸ್ಸೂ ಇಲ್ಲ. ಇಂಥ ಗೃಹಸ್ಥರಿಗೆ ಈ ತಿಂಗಳು ನಮ್ಮದೊಂದು ಬಿನ್ನಹ: ಅದನ್ನು ತಿದ್ದಿಸುವ ಅಥವಾ ಸೌದೆ ಮಾಡುವ ಮೊದಲು, ಇದ್ದಂತೆಯೇ ಅದರ ಛಾಯಾಚಿತ್ರವನ್ನು ತೆಗೆದಿಡಿರಿ.

ಇದೇಕೆಂಬುದಕ್ಕೆ ಹಂಪೆಯ ಕಲ್ಲಿನ ತೇರೇ ಸಾಕ್ಷಿ. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಅದು ನಿಜವಾಗಿ ತೇರಿನ ರೂಪದ ಗರುಡನ ಗುಡಿ. 1565ರ ಯುದ್ಧದ ಬಳಿಕ ಪಟ್ಟಣವೇ ಹಾಳಾಯಿತು. 1856ರಲ್ಲಿ ಮದ್ರಾಸ್ ಸೈನ್ಯದ ಅಧಿಕಾರಿಯಾದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವನು ಮೇಣ ಹಚ್ಚಿದ ಕಾಗದದ ಮೇಲೆ ಅಲ್ಲಿಯ ಚಿತ್ರಗಳನ್ನು ತೆಗೆದನು. ತೇರಿನ ಚಿತ್ರವನ್ನು ನೋಡಿದವರಿಗೆ ಆಶ್ಚರ್ಯವಾಗದೆ ಇರದು: ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ! ಮುಂದೆ ಅದನ್ನು ಇಳಿಸಿಬಿಟ್ಟರು. ಇಂದಿನ 50 ರೂಪಾಯಿಯ ನೋಟಿನ ಮೇಲೆ ನಾವು ಕಾಣುವದು ಶಿಖರವಿಲ್ಲದ ತೇರನ್ನೇ. 1980ರ ದಶಕದಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತ ನೆಲೆಗಳಲ್ಲಿಯೇ ನಿಂತು ಮರಳಿ ಚಿತ್ರ ತೆಗೆದರು. ಎರಡನ್ನೂ ಜೊತೆಗಿಟ್ಟರೆ ಹೋದುದೇನು, ಉಳಿದುದೇನು ಎಂಬುದು ಮಕ್ಕಳಿಗೂ ತಿಳಿಯುವದು. ನಮ್ಮ ಐಹೊಳೆ ಬಾದಾಮಿಗಳ ಗುಡಿಗಳನ್ನೂ 1855ರಲ್ಲಿ ಬಿಗ್ಸ್ ಎಂಬ ಅಧಿಕಾರಿಯು ಹೀಗೆಯೇ ಚಿತ್ರಿಸಿದ್ದನು.

ಚಕ್ಕಡಿಯ ಚಿತ್ರಕ್ಕೆ ಅಂಥವರು ಯಾರೂ ಬರಲಾರರು. ಕೈಯಲ್ಲಿರುವ ಮೊಬಾಯಿಲೇ ಸಾಕು. ನಡುಹಗಲಿನಲ್ಲಿ ತೆಗೆಯಬಾರದು, ಗಾಡಿಯ ಅಡಿಯೆಲ್ಲ ಕಪ್ಪಾಗಿ ಹೋಗುವದು. ಮುಂಜಾನೆಯ ಓರೆ ಬಿಸಿಲಿನಲ್ಲಿ ಮರದ ಎಳೆಗಳೂ ಬಡಿಗನ ಉಳಿಯ ಗುರುತುಗಳೂ ಎದ್ದು ಕಾಣುವವು. ತೊಳೆಯಬೇಡಿರಿ, ಬಣ್ಣ ಬಳಿಯಬೇಡಿರಿ, ಸುತ್ತ ಬೆಳೆದ ಹುಲ್ಲನ್ನೂ ಕೀಳಬೇಡಿರಿ. (ಹಾವಿನ ಎಚ್ಚರವಿರಲಿ.) ಬದಿಯಿಂದೊಂದು, ಹಿಂದಿನಿಂದೊಂದು, ಗಾಲಿಯ ಕಬ್ಬಿಣದ ಹಳಿ, ಅಚ್ಚು, ಕೀಲುಗಳನ್ನು ಹತ್ತಿರದಿಂದ ತೆಗೆಯಿರಿ.

ಗಾಲಿಯ ಎತ್ತರ ತಿಳಿಯಲೆಂದು ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿರಿ. ಅವರು ಮಾತಿಗೆ ತೊಡಗಿದರೆ ತಡೆಯಬೇಡಿರಿ. ಮಾಡಿದ ಬಡಿಗ ಯಾವ ಊರವನು, ಎತ್ತುಗಳ ಹೆಸರೇನು, ಬನಶಂಕರಿಯ ಜಾತ್ರೆಗೆ ಯಾರಾರು ಏರಿ ಹೋಗುತ್ತಿದ್ದರು ಎಂಬುದು ಯಾವ ಚಿತ್ರದಲ್ಲಿಯೂ ಬಾರದು. ಅದನ್ನು ಅಂದೇ ಬರೆದುಕೊಂಡು, ಚಿತ್ರವನ್ನು ಕಾಗದದ ಮೇಲೆ ಮುದ್ರಿಸಿ, ತಾರೀಖಿನೊಡನೆ ಅದರ ಬೆನ್ನಿಗೆ ಅಂಟಿಸಿರಿ. ಮೊಬಾಯಿಲು ಕೆಟ್ಟ ದಿನ ಅದರೊಳಗಿನ ಚಕ್ಕಡಿಯೂ ಹೋದೀತು.