ಹೊರಗೆ ಥಳಕು, ಒಳಗೆ ತುಕ್ಕು

2023ರ ಅಕ್ಟೋಬರಿನಲ್ಲಿ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಮುಂಬಯಿಯ ರಸ್ತೆಗಳಿಂದ ನಿವೃತ್ತವಾದಾಗ ನಾವೆಲ್ಲ ಕಣ್ಣು ತೇವ ಮಾಡಿಕೊಂಡೆವು. ಅಳಿದುಳಿದ ಖಾಸಗಿ ಪದ್ಮಿನಿಗಳನ್ನು ಈಗ ಜೀರ್ಣೋದ್ಧಾರದ ಹೆಸರಿನಲ್ಲಿ ನಾವೇ ಕೊಲ್ಲುತ್ತಿದ್ದೇವೆ. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿಸಿ, ಬಣ್ಣ ಹೊಡೆಸಿ, ಪ್ರದರ್ಶನಕ್ಕೆ ನಿಲ್ಲಿಸುತ್ತೇವೆ. ಪುಟ್ಟಿ ತೇವ ಹೀರುತ್ತದೆ. ಅದಕ್ಕೆ ಕಡಲಗಾಳಿಯ ಉಪ್ಪೂ ಸೇರಿದರೆ ತಗಡು ಒಳಗೊಳಗೇ ಸವೆಯುತ್ತದೆ. ಕೆಲವೇ ಮಳೆಗಾಲಗಳಲ್ಲಿ ಬಣ್ಣ ಗುಳ್ಳೆಯೇಳುತ್ತದೆ.

ಅವಸರಕ್ಕೆ ಇನ್ನೆರಡು ಆಯುಧಗಳಿವೆ. ಗ್ರೈಂಡರ್ ತುಕ್ಕಿನೊಡನೆ ತಗಡನ್ನೂ ತಿನ್ನುತ್ತದೆ. ರಭಸದ ಮರಳಿನ ಹೊಡೆತ ಬಾನೆಟ್ಟಿನಂಥ ಅಗಲ ತಗಡನ್ನು ಸೊಟ್ಟಗಾಗಿಸುತ್ತದೆ. ಮೇಲ್ಪದರದ ತುಕ್ಕಿಗೆ ಬೇಕಾದುದು ತಂತಿಬ್ರಷ್ಷು, 80ರ ಉಪ್ಪುಕಾಗದ, ಸಣ್ಣ ಕುಳಿಗಳಲ್ಲಿ ಉಳಿದುದಕ್ಕೆ ಫಾಸ್ಫಾರಿಕ್ ಆಮ್ಲ. ಬಳಿಕ ತೊಳೆದು, ಪೂರ್ತಿ ಒಣಗಿಸಿ, ಅಂದೇ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ತಡಮಾಡಿದರೆ ಬರಿಯ ತಗಡಿಗೆ ಮತ್ತೆ ತುಕ್ಕು. ಪುಟ್ಟಿ ಏನಿದ್ದರೂ ಪ್ರೈಮರಿನ ಮೇಲೆ.

ಇದಕ್ಕೆ ಹಣಕ್ಕಿಂತ ತಾಳ್ಮೆ ಹೆಚ್ಚು ಬೇಕು. ಗ್ಯಾರೇಜಿನವರನ್ನು ದೂರಿ ಫಲವಿಲ್ಲ. ಹಬ್ಬದೊಳಗೆ ಹೊಳೆಯಬೇಕೆಂದು ಗಡುವು ವಿಧಿಸಿದವರು ನಾವು. ಇನ್ನಾದರೂ ಬಣ್ಣದ ಮಾತೆತ್ತುವ ಮುನ್ನ ಬರಿಯ ತಗಡನ್ನು ಕಣ್ಣಾರೆ ನೋಡಿಯೇ ತೀರುವ ಹಟ ನಮಗಿರಲಿ.