ಬೆಳ್ಳಗಿರುವ ಅಕ್ಕಿಯೇ ಒಳ್ಳೆಯ ಅಕ್ಕಿಯೇ?

ಅಕ್ಕಿ ಎಷ್ಟು ಬೆಳ್ಳಗಿದ್ದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಕೆಂಪಕ್ಕಿ, ಕುಚ್ಚಲಕ್ಕಿ ಎಂದರೆ ಮೂಗು ಮುರಿಯುವವರೂ ಇದ್ದಾರೆ. ಆದರೆ ವಿಜ್ಞಾನದ ಇತಿಹಾಸ ಹೇಳುವ ಪಾಠವೇ ಬೇರೆ.

19ನೆಯ ಶತಮಾನದ ಕೊನೆಯಲ್ಲಿ, ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾ ದ್ವೀಪದಲ್ಲಿ ಬೆರಿಬೆರಿ ಎಂಬ ಕಾಯಿಲೆ ಸೈನಿಕರನ್ನೂ ಕೈದಿಗಳನ್ನೂ ಕಾಡುತ್ತಿತ್ತು. ಕಾಲುಗಳು ಜೋಮು ಹಿಡಿದು ಶಕ್ತಿ ಕಳೆದುಕೊಳ್ಳುತ್ತಿದ್ದವು. ಹೃದಯ ದುರ್ಬಲವಾಗಿ ಸಾಯುವವರೂ ಇದ್ದರು. ವೈದ್ಯರು ಇದಕ್ಕೆ ಕಾರಣವಾದ ರೋಗಾಣುವನ್ನು ಹುಡುಕುತ್ತಿದ್ದರು. ಅವರಲ್ಲೊಬ್ಬರಾದ ಕ್ರಿಸ್ಟಿಯಾನ್ ಐಕ್‌ಮನ್, ಪ್ರಯೋಗಶಾಲೆಯ ಕೋಳಿಗಳಿಗೂ ಇಂಥದೇ ಕಾಯಿಲೆ ಬಂದದ್ದನ್ನು ಗಮನಿಸಿದರು. ಅವುಗಳಿಗೆ ಆಸ್ಪತ್ರೆಯ ಪಾಲಿಶ್ ಅಕ್ಕಿಯ ಅನ್ನ ಹಾಕಲಾಗುತ್ತಿತ್ತು. ಅದನ್ನು ನಿಲ್ಲಿಸಿ ತೌಡು ತೆಗೆಯದ ಅಕ್ಕಿ ಕೊಟ್ಟಾಗ ಕೋಳಿಗಳು ಚೇತರಿಸಿಕೊಂಡವು!

ಕೋಳಿಗಳಿಗೆ ಅನ್ವಯಿಸಿದ್ದು ಮನುಷ್ಯರಿಗೂ ಅನ್ವಯಿಸುತ್ತದೆಯೇ? ಇದನ್ನು ತಿಳಿಯಲು ಅಡಾಲ್ಫ್ ವೋರ್ಡರ್‌ಮನ್ ಎಂಬ ವೈದ್ಯಾಧಿಕಾರಿ ಸುಮಾರು 100 ಸೆರೆಮನೆಗಳ ಲೆಕ್ಕ ತೆಗೆದರು. ಪಾಲಿಶ್ ಅಕ್ಕಿ ತಿನ್ನುವ ಕೈದಿಗಳಲ್ಲಿ ಸುಮಾರು 40ಕ್ಕೆ ಒಬ್ಬರಿಗೆ ಬೆರಿಬೆರಿ ಇತ್ತು. ತೌಡಿರುವ ಅಕ್ಕಿ ತಿನ್ನುವವರಲ್ಲಿ ಅದು ಸುಮಾರು 10,000ಕ್ಕೆ ಒಬ್ಬರಿಗೆ ಮಾತ್ರ!

ಅನ್ನದಲ್ಲಿ ಏನೋ ವಿಷವಿದೆ ಎಂದು ಐಕ್‌ಮನ್ ಮೊದಲು ಭಾವಿಸಿದ್ದರು. ವಿಷ ಇರುವುದಲ್ಲ, ಅಗತ್ಯವಾದ ಯಾವುದೋ ವಸ್ತು ಇಲ್ಲದಿರುವುದೇ ಕಾರಣ ಎಂದು 1901ರಲ್ಲಿ ತಿದ್ದಿದವರು ಅವರ ಉತ್ತರಾಧಿಕಾರಿ ಗೆರಿಟ್ ಗ್ರೈನ್ಸ್. ಆ ವಸ್ತುವನ್ನೇ ಇಂದು ನಾವು ಥಯಮಿನ್ ಅಥವಾ ಬಿ1 ಜೀವಸತ್ವ ಎನ್ನುತ್ತೇವೆ. ಐಕ್‌ಮನ್‌ರಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಹೊಟ್ಟೆ ತುಂಬಿದ ಮಾತ್ರಕ್ಕೆ ದೇಹಕ್ಕೆ ಬೇಕಾದುದೆಲ್ಲ ಸಿಕ್ಕಿತೆಂದು ಅರ್ಥವಲ್ಲ. ಬಿಳಿ ಅಕ್ಕಿಯೇನೂ ವಿಷವಲ್ಲ. ತೌಡಿನಲ್ಲಿ ಎಣ್ಣೆಯ ಅಂಶ ಇರುವುದರಿಂದ ಪಾಲಿಶ್ ಮಾಡದ ಅಕ್ಕಿ ಬೇಗ ಕಮಟು ವಾಸನೆ ಬರುತ್ತದೆ, ಬೇಯಲೂ ಹೆಚ್ಚು ಹೊತ್ತು ಬೇಕು. ಅನ್ನದ ಜೊತೆ ಬೇಳೆ, ಕಾಳು, ಕಡಲೆಕಾಯಿ ತಿನ್ನುವವರಿಗೆ ಥಯಮಿನ್ ಅವುಗಳಿಂದಲೂ ದೊರೆಯುತ್ತದೆ. ತೊಂದರೆ ಬರುವುದು ತಟ್ಟೆಯಲ್ಲಿ ಬಿಳಿ ಅನ್ನವೇ ಹೆಚ್ಚಾಗಿ, ಉಳಿದುದು ಹೆಸರಿಗಷ್ಟೇ ಇದ್ದಾಗ.

ನಮ್ಮ ಕರಾವಳಿಯ ಕುಚ್ಚಲಕ್ಕಿಯನ್ನೇ ನೋಡಿ. ಭತ್ತವನ್ನು ನೆನೆಸಿ ಬೇಯಿಸುವಾಗ ಹೊರಪದರದ ಥಯಮಿನ್‌ನಲ್ಲಿ ಒಂದು ಪಾಲು ಕಾಳಿನೊಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ ಮಾಡಿದರೂ ಅದು ಪೂರ್ತಿ ಹೋಗುವುದಿಲ್ಲ. ಥಯಮಿನ್ ನೀರಿನಲ್ಲಿ ಕರಗುವುದರಿಂದ ಅಕ್ಕಿಯನ್ನು ಪದೇ ಪದೇ ತೊಳೆದರೆ, ಗಂಜಿ ಬಸಿದು ಚೆಲ್ಲಿದರೆ ನಷ್ಟ ನಮಗೇ.

ಪೋಷಕಾಂಶಗಳ ಪಾಠವೆಂದರೆ ಹೆಸರುಗಳ ಬಾಯಿಪಾಠ ಆಗಬಾರದು ಎಂಬುದು ನನ್ನ ಅಭಿಪ್ರಾಯ. ಶಿಕ್ಷಕರು ಒಂದು ಹಿಡಿ ಪಾಲಿಶ್ ಅಕ್ಕಿ, ಒಂದು ಹಿಡಿ ಕುಚ್ಚಲಕ್ಕಿ, ಸ್ವಲ್ಪ ತೌಡು ತಂದು ಮಕ್ಕಳ ಮುಂದಿಡಲಿ. “ಈ ಕಾಳಿನಿಂದ ಏನನ್ನು ತೆಗೆದಿದ್ದಾರೆ? ಅದು ಎಲ್ಲಿಗೆ ಹೋಯಿತು?” ಎಂದು ಮಕ್ಕಳು ಕೇಳಲಿ. ತೌಡನ್ನು ದನಗಳಿಗೆ ಹಾಕಿ ಬರೀ ಹೊಳಪನ್ನು ನಾವು ಇಟ್ಟುಕೊಳ್ಳುವುದು ಜಾಣತನವೇ? ಮಕ್ಕಳೇ, ಮನೆಯಲ್ಲೂ ಈ ಪ್ರಶ್ನೆ ಕೇಳಿ ನೋಡಿ.