ಬೇರಿನ ಬುಡದಲ್ಲೇ ಹುಳಿಯಾಗುತ್ತಿರುವ ಮಣ್ಣು

ಯೂರಿಯಾ ಮಣ್ಣನ್ನು ಹುಳಿ ಮಾಡುತ್ತದೆ ಎಂಬ ಮಾತು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಯಾವ ಕಾಫಿ ಬೆಳೆಗಾರರಿಗೂ ಹೊಸತಲ್ಲ. ಹಾಗಿದ್ದೂ ಮಣ್ಣಿನ ರಸಸಾರವನ್ನು ಅಳೆಸದೆ, ಸುಣ್ಣ ಕೊಡದೆ, ವರ್ಷವರ್ಷವೂ ಅದೇ ಗಿಡದ ಬುಡಕ್ಕೆ ಸಾರಜನಕ ಸುರಿಯುತ್ತಿರುವುದನ್ನು ಅಜ್ಞಾನವೆಂದು ಮನ್ನಿಸಲಾಗದು. ಅದು ತಿಳಿದೂ ತೋರುವ ಉದಾಸೀನ.

ರಸಸಾರವೆಂದರೆ ಮಣ್ಣಿನ ಹುಳಿ ಮತ್ತು ಕ್ಷಾರಗಳ ಅಳತೆ. ಅದರಲ್ಲಿ 7 ತಟಸ್ಥ, ಅಲ್ಲಿಂದ ಒಂದೊಂದು ಅಂಕ ಇಳಿದಂತೆಲ್ಲ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಕಾಫಿಗೆ ಒಗ್ಗುವುದು 6ರಿಂದ 6.5. ಬೇರು ಅಮೋನಿಯಂ ರೂಪದ ಸಾರಜನಕವನ್ನು ಹೀರಿಕೊಂಡಾಗ ತನ್ನೊಳಗಿನ ವಿದ್ಯುದಂಶವನ್ನು ಸರಿದೂಗಿಸಲು ಹೈಡ್ರೋಜನ್ ಅಯಾನುಗಳನ್ನು, ಅಂದರೆ ಹುಳಿಯ ಮೂಲವನ್ನೇ, ಹೊರಬಿಡುತ್ತದೆ. ನೈಟ್ರೇಟ್ ರೂಪವನ್ನು ಹೀರಿಕೊಂಡಾಗ ಕ್ಷಾರಗುಣದ ಅಯಾನುಗಳನ್ನು ಬಿಡುತ್ತದೆ. ಹೀಗಾಗಿ ಅಮೋನಿಯಂ ಹೆಚ್ಚಿದ್ದಲ್ಲಿ ಬೇರಿಗೆ ಅಂಟಿದ ಕೆಲವೇ ಮಿಲಿಮೀಟರ್ ಮಣ್ಣು ಸುತ್ತಲಿನ ಮಣ್ಣಿಗಿಂತ ಒಂದು ಅಂಕಕ್ಕೂ ಹೆಚ್ಚು ಹುಳಿಯಾಗಬಲ್ಲದು. ಯೂರಿಯಾ ಕರಗಿ ಅಮೋನಿಯಂ ಆಗುವಾಗ ರಸಸಾರ ಕೆಲಕಾಲ ಏರುತ್ತದೆಯಾದರೂ, ಬಳಿಕ ಸೂಕ್ಷ್ಮಜೀವಿಗಳು ಆ ಅಮೋನಿಯಂ ಅನ್ನು ನೈಟ್ರೇಟ್ ಆಗಿಸುವಾಗ ಮತ್ತಷ್ಟು ಹುಳಿ ಹುಟ್ಟುತ್ತದೆ. ಬೇರು ಮುಟ್ಟದೆ ಉಳಿದ ನೈಟ್ರೇಟನ್ನು ಮಳೆ ಬಿಡುವುದಿಲ್ಲ: ಕಳಸದಂಥ ಕಡೆ ನೂರು ಅಂಗುಲ ಮೀರುವ ಮುಂಗಾರು ಅದನ್ನು ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಡನೆ ಕೊಚ್ಚಿ ಭದ್ರೆಗೆ ಒಯ್ಯುತ್ತದೆ, ಹುಳಿ ಮಾತ್ರ ತೋಟದಲ್ಲೇ ಉಳಿಯುತ್ತದೆ.

ರಸಸಾರ 5ಕ್ಕಿಂತ ಕೆಳಗಿಳಿದಾಗ ಮಣ್ಣಿನ ಕಣಗಳಲ್ಲಿ ನಿರುಪದ್ರವಿಯಾಗಿ ಅಡಗಿದ್ದ ಅಲ್ಯೂಮಿನಿಯಂ ಕರಗಿ ಬೇರಿನ ತುದಿಗಳನ್ನು ಮೊಂಡಾಗಿಸುತ್ತದೆ, ದುಡ್ಡು ಕೊಟ್ಟು ಹಾಕಿದ ರಂಜಕವು ಕಬ್ಬಿಣ ಮತ್ತು ಅಲ್ಯೂಮಿನಿಯಂಗಳೊಡನೆ ಬೆಸೆದು ಗಿಡಕ್ಕೆ ದಕ್ಕದಂತಾಗುತ್ತದೆ. ಎಲೆ ಹಳದಿಯಾದ ಗಿಡವನ್ನು ಕಂಡೊಡನೆ ಕಾರಣ ಕೇಳದೆ ಇನ್ನೊಂದು ಹಿಡಿ ಯೂರಿಯಾ ಹಾಕಿಸುವುದು, ಉಸಿರುಗಟ್ಟಿದವನ ಬಾಯಿಗೆ ಅನ್ನ ತುರುಕಿದ ಹಾಗೆ.

45 ಕಿಲೋ ಯೂರಿಯಾ ಚೀಲಕ್ಕೆ ರೈತರು ತೆರುವ ಬೆಲೆ ಸುಮಾರು 266 ರೂಪಾಯಿ. ಅದರ ಸಾರಜನಕ ಹುಟ್ಟಿಸುವ ಹುಳಿಯನ್ನು ತಣಿಸಲು ಸಾಮಾನ್ಯ ಲೆಕ್ಕದಲ್ಲಿ ಸುಮಾರು 37 ಕಿಲೋ ಶುದ್ಧ ಸುಣ್ಣಕಲ್ಲಿನ ಪುಡಿ ಬೇಕು. ಅಮೋನಿಯಂ ಸಲ್ಫೇಟ್ ಆದರೆ ಅಷ್ಟೇ ಸಾರಜನಕಕ್ಕೆ ಅದರ ಮೂರು ಪಟ್ಟು. ಸುಣ್ಣದ ಈ ಖರ್ಚನ್ನು ಬೆಳೆಗಾರರು ತಮ್ಮ ಲೆಕ್ಕದ ಪುಸ್ತಕದಲ್ಲಿ ಎಂದು ಬರೆದಿದ್ದಾರೆ? ಕಾಫಿಯ ದರ ದಾಖಲೆ ಮುಟ್ಟಿದ ವರ್ಷಗಳಲ್ಲೂ ಸುಣ್ಣಕ್ಕೆ ಕೈ ಬಿಚ್ಚದವರು, ದರ ಬಿದ್ದಾಗ ಬಿಚ್ಚುತ್ತಾರೆಂದು ನಂಬುವುದು ಹೇಗೆ? ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ, ಮಣ್ಣು ಪರೀಕ್ಷೆಯ ಸೌಲಭ್ಯವಿದೆ. ಕೂಗಳತೆಯಲ್ಲಿರುವ ತಿಳಿವಳಿಕೆಯನ್ನು ಬಳಸದ ನಾಡು ತನ್ನ ಮಣ್ಣಿನ ಬಗ್ಗೆ ಹೆಮ್ಮೆಯ ಮಾತಾಡುವುದು ನಾಚಿಕೆಗೇಡು.

ಮಾಡಬೇಕಾದದ್ದು ಹೆಚ್ಚೇನೂ ಇಲ್ಲ. ಮಣ್ಣು ಪರೀಕ್ಷಿಸಿ, ವರದಿ ಹೇಳಿದಷ್ಟು ಸುಣ್ಣವನ್ನೋ ಡೋಲೋಮೈಟನ್ನೋ ಕೊಡಬೇಕು. ಸುಣ್ಣವೂ ಗೊಬ್ಬರವೂ ಒಟ್ಟಿಗೆ ಸೇರಿದರೆ ಅಮೋನಿಯಾ ಗಾಳಿಗೆ ಹಾರಿಹೋಗುವುದರಿಂದ ಅವೆರಡರ ನಡುವೆ ಕೆಲವು ವಾರಗಳ ಅಂತರವಿರಬೇಕು. ಮರಗಸಿಯಲ್ಲಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವಾಗ, ಸಿಗುವ ಸೊಪ್ಪನ್ನೂ ಉದುರಿದ ಎಲೆಗಳ ದರಗನ್ನೂ ಸುಡದೆ ತೋಟದಲ್ಲೇ ಕೊಳೆಯಲು ಬಿಡಬೇಕು.

ಮರದ ನೆರಳೂ ದರಗೂ ತಲೆಮಾರುಗಳ ಕಾಲ ಕಟ್ಟಿದ ಈ ಮಣ್ಣು ಒಂದು ತಲೆಮಾರಿನ ಅವಸರಕ್ಕೆ ಬಲಿಯಾಗಬಾರದು. ಬೆಳೆಗಾರ ಬಂಧುಗಳು ಮುಂದಿನ ಹೂಮಳೆಗೆ ಗೊಬ್ಬರದ ಚೀಲ ಬಿಚ್ಚುವ ಮೊದಲು ತಮ್ಮ ತೋಟದ ರಸಸಾರವನ್ನು ತಿಳಿದುಕೊಳ್ಳಲಿ. ಅದು ತಿಳಿಯುವವರೆಗೆ ಆ ಚೀಲವನ್ನು ಬಿಚ್ಚದಿರಲಿ.